ಟ್ರೆಡ್‌ಮಿಲ್‌ಗೆ ಕೊಬ್ಬರಿ ಎಣ್ಣೆ ಬಿಟ್ರೆ ಏನಾಗತ್ತೆ? ಸಿಲಿಕೋನ್ ಆಯಿಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಲ ಹೊಲಿಗೆ ಮಷಿನ್ ಎಣ್ಣೆ ಬಗ್ಗೆ ಬರೀವಾಗ ಕೊನೇಲಿ ಸಿಲಿಕೋನ್ ಆಯಿಲ್ ಬೇರೆನೇ ಜಾತಿ ಅಂತ ಒಂದೇ ಒಂದು ಸಾಲು ಬರೆದಿದ್ದೆ ನೋಡಿ, ಈ ಸಲ ಬಂದ ಪ್ರಶ್ನೆ ಮುಕ್ಕಾಲು ಪಾಲು ಅದರ ಮೇಲೇ. ನಾಲ್ಕು ಆರಿಸಿಕೊಂಡಿದೀನಿ.

ಪ್ರಶ್ನೆ: ಮನೇಲಿ ಟ್ರೆಡ್‌ಮಿಲ್ ಇದೆ. ಬೆಲ್ಟ್ ಕೆಳಗೆ ಸಿಲಿಕೋನ್ ಆಯಿಲ್ ಮಾತ್ರ ಹಾಕಿ ಅಂತ ಬುಕ್‌ನಲ್ಲಿ ಬರೆದಿದಾರೆ, ಅಂಗಡೀಲಿ ಅಂಗೈಯಗಲ ಬಾಟಲಿಗೆ ಬಾಯಿಗೆ ಬಂದ ರೇಟು. ಕೊಬ್ಬರಿ ಎಣ್ಣೆ ಬಿಟ್ರೆ ನಡೆಯಲ್ವಾ? ಇದು ಎಣ್ಣೆನೇ ಹೌದಾ? (ತುಮಕೂರಿನ ಓದುಗರು)

ಉತ್ತರ: ಬೇಡಿ ಸರ್. ಕೊಬ್ಬರಿ ಎಣ್ಣೆ ಚಳಿಗಾಲದ ಬೆಳಗ್ಗೆ ಬಾತ್‌ರೂಮಲ್ಲೇ ಗಟ್ಟಿಯಾಗಿ ಕೂತಿರತ್ತೆ, ಇನ್ನು ಬೆಲ್ಟ್ ಕೆಳಗೆ ಸೇರಿದ್ರೆ ಸ್ವಲ್ಪ ದಿನಕ್ಕೆ ಕಮಟು ಹಿಡಿದು ಅಂಟಂಟಾಗಿ ಧೂಳೆಲ್ಲ ಮೆತ್ಕೊಂಡು ಮೋಟರ್ ಮೇಲೆ ಲೋಡ್ ಬೀಳತ್ತೆ. ಹೊಲಿಗೆ ಮಷಿನ್ ಎಣ್ಣೆ ಪೆಟ್ರೋಲಿಯಂ ಜಾತಿ, ಅದು ರಬ್ಬರ್‌ನ ಊದಿಸಿ ಹಾಳು ಮಾಡತ್ತೆ.

ಎಣ್ಣೆನೇ ಹೌದಾ ಅಂದ್ರಲ್ಲ, ಒಳ್ಳೇ ಪ್ರಶ್ನೆ. ಎಣ್ಣೆ ಅನ್ನೋ ಪದ ಎಳ್ಳು ಮತ್ತು ನೆಯ್ ಸೇರಿ ಆಗಿದ್ದು ಅಂತ ಹೇಳ್ತಾರೆ, ಆದ್ರೆ ಇದರಲ್ಲಿ ಎಳ್ಳೂ ಇಲ್ಲ ನೆಯ್ಯೂ ಇಲ್ಲ, ಇದರ ಮೂಲ ಬೆಣಚುಕಲ್ಲು! ಬೆಣಚುಕಲ್ಲನ್ನ ಇದ್ದಿಲು, ಕಲ್ಲಿದ್ದಲು ಜತೆ ಕರೆಂಟ್ ಕುಲುಮೆಲಿ ಕಾಯಿಸಿ ಸಿಲಿಕಾನ್ ಅನ್ನೋ ಮೂಲವಸ್ತು ತೆಗೀತಾರೆ, ಅದನ್ನ ಪುಡಿ ಮಾಡಿ ತಾಮ್ರದ ಜತೆ ಸುಮಾರು 300 ಡಿಗ್ರಿಲಿ ಮೀಥೈಲ್ ಕ್ಲೋರೈಡ್ ಗ್ಯಾಸ್ ಹಾಯಿಸ್ತಾರೆ, ಬಂದಿದ್ದನ್ನ ನೀರಿನ ಜತೆ ಸೇರಿಸಿದ್ರೆ ಉದ್ದುದ್ದ ಸರಪಳಿ ಕಟ್ಟಿಕೊಳ್ಳೋದು ಶುರುವಾಗತ್ತೆ, ಆ ಸರಪಳಿನೇ ಸಿಲಿಕೋನ್. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಯೂಜೀನ್ ರೋಖೋ 1940ರಲ್ಲಿ ಈ ದಾರಿ ಕಂಡುಹಿಡಿದದ್ದು, ಅದೇ ಹೊತ್ತಿಗೆ ಜರ್ಮನಿಲಿ ರಿಚರ್ಡ್ ಮುಲ್ಲರ್ ಕೂಡ. ಇವತ್ತಿಗೂ ಫ್ಯಾಕ್ಟರಿಗಳಲ್ಲಿ ಇದೇ ದಾರಿ.

ಆ ಸರಪಳಿಯ ಬೆನ್ನೆಲುಬು ಸಿಲಿಕಾನ್, ಆಕ್ಸಿಜನ್, ಸಿಲಿಕಾನ್, ಆಕ್ಸಿಜನ್ ಅಂತ ಹೋಗತ್ತೆ, ಥೇಟ್ ಕಲ್ಲಿನ ಒಳಗಿರೋ ಬಂಧನೇ, ಅದಕ್ಕೇ ಬಿಸಿ ತಡ್ಕೊಳ್ಳೋದು. ಹೊರಗೆ ಎರಡೂ ಕಡೆ ಮೀಥೈಲ್ (ಇಂಗಾಲ, ಹೈಡ್ರೋಜನ್ ಸೇರಿದ ಗುಂಪು) ಅಂಗಿ ಹಾಕ್ಕೊಂಡಿರತ್ತೆ, ಅದಕ್ಕೇ ನೀರಿಗೆ ಸೇರಲ್ಲ. ಜೊತೆಗೆ ಈ ಸರಪಳಿಗಳಿಗೆ ಒಂದರ ಮೇಲೊಂದಕ್ಕೆ ಅಂಥ ಸೆಳೆತ ಇಲ್ಲ, ಸಂತೆಲಿ ಅಪರಿಚಿತರು ಭುಜ ತಾಗಿಸ್ಕೊಂಡು ಹೋಗ್ತಾರಲ್ಲ ಹಂಗೆ ಜಾರ್ಕೊಂಡು ಹೋಗ್ತವೆ. ಈ ಒಂದು ವಿಷಯ ನೆನಪಿಟ್ಕೊಳ್ಳಿ, ಕೆಳಗಿನ ಪ್ರಶ್ನೆಗಳಿಗೂ ಬೇಕಾಗತ್ತೆ.

ಸರಪಳಿ ಎಷ್ಟು ಉದ್ದ ಅನ್ನೋದರ ಮೇಲೆ ಮಂದ ನಿಂತಿದೆ. ಅಳತೆ ಸೆಂಟಿಸ್ಟೋಕ್ಸ್, ಬಾಟಲಿ ಮೇಲೆ ಸಿಎಸ್‌ಟಿ ಅಂತ ಇರತ್ತೆ. ನೀರು 1 ಅಂದ್ರೆ ಹರಳೆಣ್ಣೆ ಹೆಚ್ಚುಕಮ್ಮಿ 1000, ಸಿಲಿಕೋನ್ ಆಯಿಲ್ ನೀರಿಗಿಂತ ತೆಳುವಿನಿಂದ ಹಿಡಿದು 10 ಲಕ್ಷ ದಾಟಿ ಹಲ್ವಾ ಥರ ಇರೋದರ ತನಕ ಸಿಗತ್ತೆ. ಮಜಾ ಏನಂದ್ರೆ ರೂಮಿನ ಬಿಸಿಲಿ 350 ಇರೋ ಸಿಲಿಕೋನ್ ಆಯಿಲ್ 100 ಡಿಗ್ರಿಗೆ ಹೋದ್ರೆ ಮಂದ ಸುಮಾರು ಮೂರನೇ ಒಂದಕ್ಕೆ ಇಳಿಯತ್ತೆ ಅಷ್ಟೇ, ಅದೇ ಮಂದದ ಮಾಮೂಲಿ ಸಿಂಗಲ್ ಗ್ರೇಡ್ ಇಂಜಿನ್ ಆಯಿಲ್ ಇಪ್ಪತ್ತನೇ ಒಂದಕ್ಕೆ ಇಳಿದುಬಿಡತ್ತೆ. ಮೈನಸ್ 50ರ ಹತ್ತಿರ ಹೋದ್ರೂ ಇದು ಹರಿಯತ್ತೆ.

ಹಂಗಂತ ಎಲ್ಲಾ ಕಡೆ ಬಿಡೋಕೆ ಹೋಗ್ಬೇಡಿ. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜೋ ಕಡೆ, ಅಂದ್ರೆ ಬೈಕ್ ಚೈನು, ಗೇರು, ಹೊಲಿಗೆ ಮಷಿನ್ನು, ಅಲ್ಲಿ ಇದು ದಂಡ, ಒತ್ತಡ ಬಿದ್ದ ತಕ್ಷಣ ಪದರ ಹರಿದುಹೋಗತ್ತೆ. ಪ್ಲಾಸ್ಟಿಕ್ಕು, ರಬ್ಬರ್ ಇರೋ ಕಡೆ ರಾಜ, ಆದ್ರೆ ಸಿಲಿಕೋನ್ ರಬ್ಬರಿಗೆ ಮಾತ್ರ ಹಾಕ್ಬೇಡಿ, ತನ್ನ ಜಾತಿನೇ ಅಂತ ಹೀರ್ಕೊಂಡು ಊದಿಕೊಳ್ಳತ್ತೆ. ಟ್ರೆಡ್‌ಮಿಲ್ ಸುತ್ತ ಟೈಲ್ಸ್ ಮೇಲೆ ಒಂದು ಹನಿ ಬಿದ್ರೂ ಒರೆಸಿ, ಇಲ್ದಿದ್ರೆ ವ್ಯಾಯಾಮ ಬೇರೆ ಥರ ಆಗತ್ತೆ.

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಚಿಕ್ಕ ಪ್ಲಾಸ್ಟಿಕ್ ಮೋಲ್ಡಿಂಗ್ ಯೂನಿಟ್. ಪೀಸು ಡೈಯಿಂದ (ಅಚ್ಚಿಂದ) ಸಲೀಸಾಗಿ ಬರ್ಲಿ ಅಂತ ಸಿಲಿಕೋನ್ ಸ್ಪ್ರೇ ಹೊಡೀತೀವಿ. ಪೇಂಟಿಂಗ್‌ನೋರು ಮೀನಿನ ಕಣ್ಣು (ಪೇಂಟ್ ಹಿಡಿಯದೆ ಉಳಿಯೋ ದುಂಡನೆ ಗುಳಿ) ಬೀಳ್ತಿದೆ ಅಂತ ಮಾಲು ವಾಪಸ್ ಕಳಿಸ್ತಿದಾರೆ. ಐಪಿಎ ಹಾಕಿ ಒರೆಸಿದ್ರೂ ಹೋಗ್ತಿಲ್ಲ.

ಉತ್ತರ: ಐಪಿಎ ಅಂದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್, ಅದರಲ್ಲಿ ಸಿಲಿಕೋನ್ ಆಯಿಲ್ ಸರಿಯಾಗಿ ಕರಗಲ್ಲ ಸರ್, ನೀವು ಒರೆಸ್ತಿಲ್ಲ, ಇಡೀ ಪೀಸಿಗೆ ಸವರ್ತಿದೀರ. ನೀರಿನ ಮೇಲ್ಮೈ ಎಳೆತ 72 ಅಂದ್ರೆ ಇದರದ್ದು ಬರೀ 21, ಎಲ್ಲಿ ಬಿದ್ರೂ ತಾನಾಗೇ ಹರಡ್ಕೊಂಡು ಹೋಗತ್ತೆ. ಡೈಯಿಂದ ಪೀಸ್ ಬಿಡಿಸೋದೂ ಅದೇ ಗುಣ, ಪೇಂಟ್ ಹಿಡಿಯದ ಹಾಗೆ ಮಾಡೋದೂ ಅದೇ ಗುಣ, ಒಂದು ಬೇಕು ಇನ್ನೊಂದು ಬೇಡ ಅಂದ್ರೆ ಆಗಲ್ಲ. ಮಿನರಲ್ ಟರ್ಪೆಂಟೈನ್‌ನಲ್ಲಿ ಕರಗತ್ತೆ, ಆದ್ರೆ ನಿಮ್ಮ ಪ್ಲಾಸ್ಟಿಕ್ ಅದನ್ನ ತಡ್ಕೊಳ್ಳತ್ತಾ ಅಂತ ಒಂದು ಪೀಸಲ್ಲಿ ನೋಡ್ಕೊಳ್ಳಿ, ಪ್ರತಿ ಸಲ ಹೊಸ ಬಟ್ಟೆ ತಗೊಳ್ಳಿ, ಆಮೇಲೆ ಡಿಟರ್ಜೆಂಟ್‌ನಲ್ಲಿ ತೊಳೀರಿ. ನಿಜವಾದ ಪರಿಹಾರ ಅಂದ್ರೆ ಪೇಂಟಿಗೆ ಹೋಗೋ ಪೀಸಿಗೆ ಸಿಲಿಕೋನ್ ಇಲ್ಲದ ರಿಲೀಸ್ ಸ್ಪ್ರೇ ತಗೊಳ್ಳೋದು.

ನಾನು ಮೊದಲು ಕೆಲಸ ಮಾಡ್ತಿದ್ದ ಕಡೆ ಪಕ್ಕದ ಶೆಡ್‌ನೋರು ಬಾಗಿಲ ರಬ್ಬರ್ ಬೀಡಿಂಗ್‌ಗೆ ಸ್ಪ್ರೇ ಹೊಡೆದಿದ್ದಕ್ಕೆ ನಮ್ಮ ಎರಡು ದಿನದ ಪೇಂಟಿಂಗ್ ಹಾಳಾಯ್ತು, ಕಾರಣ ಹುಡುಕೋಕೆ ಒಂದು ವಾರ ಹಿಡೀತು. ಕಾರು ಪೇಂಟ್ ಮಾಡೋ ಕಡೆ ಹೇರ್ ಸೀರಮ್ ಹಚ್ಕೊಂಡು ಒಳಗೆ ಬರಬೇಡಿ ಅನ್ನೋದು ಸುಮ್ಮನೆ ಅಲ್ಲ, ಅದರಲ್ಲೂ ಡೈಮಿಥಿಕೋನ್ ಅಂತ ಇದೇ ಇರೋದು. ಇನ್ನು ಹತ್ತಿರದಲ್ಲಿ ರಿಲೇ, ಸ್ವಿಚ್ ಇದ್ರೆ ಹುಷಾರು, ಇದರ ಆವಿ ಕಿಡಿಗೆ ಸಿಕ್ಕಿ ಸುಟ್ಟು ಮತ್ತೆ ಸಿಲಿಕಾ ಆಗಿ ಕಾಂಟ್ಯಾಕ್ಟ್ ಮೇಲೆ ಕೂರತ್ತೆ, ಕರೆಂಟ್ ಹಾಯಲ್ಲ. ಬೆಣಚುಕಲ್ಲು ವಾಪಸ್ ಬೆಣಚುಕಲ್ಲೇ!

ಪ್ರಶ್ನೆ: ಸರ್ ನಮ್ಮ ಹಳೇ ಜೀಪ್ ಘಾಟ್ ಏರುವಾಗ ಹೀಟ್ ಆಕ್ಕೈತ್ರಿ. ಫ್ಯಾನ್‌ನ್ಯಾಗಿನ ಸಿಲಿಕಾನ್ ಎಣ್ಣಿ ಖಾಲಿ ಆಗೈತಿ ಅಂತಾನ ಮೆಕ್ಯಾನಿಕ್. ಫ್ಯಾನ್‌ನ್ಯಾಗ ಎಣ್ಣಿ ಎಲ್ಲಿಂದ ಬಂತ್ರಿ? (ವಿಜಯಪುರದಿಂದ)

ಉತ್ತರ: ಮೆಕ್ಯಾನಿಕ್ ಸುಳ್ಳು ಹೇಳ್ತಿಲ್ಲ. ಅದಕ್ಕೆ ವಿಸ್ಕಸ್ ಫ್ಯಾನ್ ಅಂತಾರೆ. ನಡುವೆ ಇರೋ ಡಬ್ಬಿಯೊಳಗೆ ಸುತ್ತು ಸುತ್ತಾಗಿ ಗೆರೆ ಕೊರೆದ ಎರಡು ತಟ್ಟೆ, ಒಂದಕ್ಕೊಂದು ತಾಗಲ್ಲ, ಮಧ್ಯೆ ಮಂದ ಸಿಲಿಕೋನ್ ಆಯಿಲ್. ರೇಡಿಯೇಟರ್ ಕಡೆಯಿಂದ ಬಿಸಿ ಗಾಳಿ ಬಡಿದಾಗ ಮುಂದಿರೋ, ಎರಡು ಲೋಹ ಬೆಸೆದು ಮಾಡಿದ ಸುರುಳಿ ತಿರುಚ್ಕೊಂಡು ಒಳಗಿನ ವಾಲ್ವ್ ತೆಗೆಯತ್ತೆ, ಆಯಿಲ್ ತಟ್ಟೆಗಳ ಮಧ್ಯೆ ಬರತ್ತೆ, ಫ್ಯಾನ್‌ನ ಎಳ್ಕೊಂಡು ಜೋರಾಗಿ ತಿರುಗಿಸತ್ತೆ. ತಣ್ಣಗಾದ್ರೆ ಆಯಿಲ್ ವಾಪಸ್, ಫ್ಯಾನ್ ನಿಧಾನ, ಡೀಸೆಲ್ ಉಳಿತಾಯ. ಬಿಸಿಗೆ ತೆಳುವಾಗೋ ಎಣ್ಣೆ ಹಾಕಿದ್ರೆ ಬೇಕಾದಾಗಲೇ ಕೈ ಕೊಡ್ತಿತ್ತು.

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಚಾವಿ ತೆಗೆದು, ಕೈಲಿ ತಿರುಗಿಸಿ. ಬಿಗಿ ಇದ್ರೆ ಸರಿ, ಗಾಳಿಪಟದ ಚಕ್ರ ಥರ ಸರ್ರಂತ ತಿರುಗಿದ್ರೆ, ಡಬ್ಬಿ ಸುತ್ತ ಜಿಡ್ಡು ಕಂಡ್ರೆ, ಆಯಿಲ್ ಸೋರಿದೆ. ಕೆಲವು ಮಾಡೆಲ್‌ಗೆ ಕಂಪನಿ ಹೇಳಿದ ಸಿಎಸ್‌ಟಿಯ ಆಯಿಲ್ ತುಂಬಬಹುದು, ಬಹಳಷ್ಟಕ್ಕೆ ಇಡೀ ಯೂನಿಟ್ಟೇ ಬದಲಿಸಬೇಕು. ಇಂಜಿನ್ ಆಯಿಲ್ ಮಾತ್ರ ತುಂಬಬೇಡಿ. ಡಾಟ್ 5 ಅಂತ ಸಿಲಿಕೋನ್ ಬ್ರೇಕ್ ಆಯಿಲ್ಲೂ ಇದೆ, ಅದನ್ನ ನಿಮ್ಮ ಡಾಟ್ 3, ಡಾಟ್ 4 ಜತೆ ಯಾವತ್ತೂ ಬೆರೆಸಬೇಡಿ.

ಪ್ರಶ್ನೆ: ಅಡುಗೆ ಎಣ್ಣೆ ಟಿನ್ ಮೇಲೆ ಐಎನ್‌ಎಸ್ 900ಎ ಅಂತ ಇದೆ, ಅದು ಸಿಲಿಕೋನ್ ಅಂತ ಮಗಳು ಹೇಳಿ ಹೆದರಿಸ್ತಾಳೆ. ಇನ್ನೊಂದು, ನಮ್ಮ ಮಾವನವರಿಗೆ ರೆಟಿನಾ ಆಪರೇಷನ್ ಮಾಡಿ ಕಣ್ಣೊಳಗೆ ಸಿಲಿಕೋನ್ ಆಯಿಲ್ ತುಂಬಿದಾರೆ, ಮಕಾಡೆ ಮಲಗಿಸಿ ಅಂದಿದಾರೆ. ಯಾಕೆ? (ಮೈಸೂರಿನ ಓದುಗರು)

ಉತ್ತರ: ಮಗಳು ಹೇಳಿದ್ದು ನಿಜ ಮೇಡಂ, ಹೆದರೋದು ಬೇಡ. ಕರಿಯುವಾಗ ನೊರೆ ಉಕ್ಕದಿರ್ಲಿ ಅಂತ ಹಾಕೋದು, ಒಂದು ಕೆಜಿ ಎಣ್ಣೆಗೆ 10 ಮಿಲಿಗ್ರಾಂ ಮೀರಬಾರದು. ನೊರೆಯ ಪೊರೆ ಮೇಲೆ ಚೂರು ಬಿದ್ರೆ ಹರಡ್ಕೊಂಡು ಅಲ್ಲೇ ತೆಳುವಾಗಿಸಿ ಟಪ್ ಅನಿಸತ್ತೆ. ಡಿಸ್ಟಿಲರಿಲಿ ಕಾಕಂಬಿ ಹುಳಿಬರಿಸುವಾಗ, ಪೇಪರ್ ಮಿಲ್ಲಲ್ಲಿ ತಿರುಳು ತೊಳೆಯುವಾಗ ಇದೇ ಕೆಲಸ. ಹೊಟ್ಟೆ ಉಬ್ಬರಕ್ಕೆ ಕೊಡೋ ಸಿಮೆಥಿಕೋನ್ ಕೂಡ ಇದೇ, ರಕ್ತಕ್ಕೆ ಸೇರಲ್ಲ, ಬಂದ ದಾರೀಲಿ ಹೊರಗೆ ಹೋಗತ್ತೆ. ಹಾಗಂತ ಟ್ರೆಡ್‌ಮಿಲ್ ಬಾಟಲಿ ಬಾಣಲೆಗೆ ಬಗ್ಗಿಸಬೇಡಿ, ಶುದ್ಧತೆ ಬೇರೆ ಬೇರೆ.

ಕಣ್ಣಿಗೆ ಹಾಕೋದು ತುಂಬಾ ಶುದ್ಧ ಮಾಡಿದ್ದು, ಸಾಮಾನ್ಯವಾಗಿ 1000 ಅಥವಾ 5000 ಸಿಎಸ್‌ಟಿ. ನೀರಿಗಿಂತ ಸ್ವಲ್ಪ ಹಗುರ, ಹಾಗಾಗಿ ಕಣ್ಣೊಳಗಿನ ದ್ರವದಲ್ಲಿ ತೇಲತ್ತೆ. ರೆಟಿನಾ ಇರೋದು ಕಣ್ಣಿನ ಹಿಂದುಗಡೆ, ಮಕಾಡೆ ಮಲಗಿದ್ರೆ ಹಿಂದುಗಡೆನೇ ಮೇಲಾಗತ್ತಲ್ಲ, ಆಯಿಲ್ ಅಲ್ಲಿಗೆ ತೇಲಿಹೋಗಿ ಕಿತ್ತ ರೆಟಿನಾನ ಗೋಡೆಗೆ ಒತ್ತಿ ಹಿಡಿಯತ್ತೆ. ಎಷ್ಟು ದಿನ, ಯಾವ ಭಂಗಿ ಅನ್ನೋದು ರೆಟಿನಾ ಎಲ್ಲಿ ಕಿತ್ತಿತ್ತು ಅನ್ನೋದರ ಮೇಲೆ, ಅವರ ಡಾಕ್ಟರ್ ಹೇಳಿದಂಗೆ ಮಾಡಿ. ಸಾಮಾನ್ಯವಾಗಿ ಕೆಲವು ತಿಂಗಳಾದ ಮೇಲೆ ಇನ್ನೊಂದು ಆಪರೇಷನ್ ಮಾಡಿ ತೆಗೀತಾರೆ, ಆ ಡೇಟ್ ತಪ್ಪಿಸಬೇಡಿ, ಬಹಳ ದಿನ ಉಳಿದ್ರೆ ಕಣ್ಣಿನ ಪ್ರೆಶರ್ ಏರಬಹುದು, ಪೊರೆ ಬರಬಹುದು. ಆಯಿಲ್ ಒಳಗಿರೋ ತನಕ ಬೆಳಕು ಬಾಗೋ ರೀತಿನೇ ಬೇರೆ ಇರತ್ತೆ, ನಂಬರ್ ಬದಲಾಗತ್ತೆ, ಮಾವನವರು ಮಂಜು ಮಂಜು ಅಂತ ಹಠ ಹಿಡಿದ್ರೂ ಡಾಕ್ಟರನ್ನ ಕೇಳದೆ ಹೊಸ ಕನ್ನಡಕಕ್ಕೆ ದುಡ್ಡು ಹಾಕ್ಬೇಡಿ.