ವಿಂಡೋಸ್ ಅಪ್‌ಡೇಟ್ ನಂತರ ಕಾಣೆಯಾದ ಉಬುಂಟು: ಫಾರ್ಮ್ಯಾಟ್ ಅಗತ್ಯವಿಲ್ಲ

ನಮಸ್ಕಾರ. ವಿಂಡೋಸ್ ಜೊತೆಗೆ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಕೂಡ ಇರುವ ನಿಮ್ಮ ಲ್ಯಾಪ್‌ಟಾಪ್, ವಿಂಡೋಸ್ ಅಪ್‌ಡೇಟ್ ಆದ ಮೇಲೆ, ಎರಡರಲ್ಲಿ ಯಾವುದು ಬೇಕೆಂದು ಕೇಳುವ ಗ್ರಬ್ ಮೆನು ಬಾರದೆ ನೇರವಾಗಿ ವಿಂಡೋಸ್‌ಗೇ ಹೋಗುತ್ತಿದೆ, ಮಂಡ್ಯದ ಅಂಗಡಿಯವರು ಡಿಸ್ಕ್ ಪೂರ್ತಿ ಫಾರ್ಮ್ಯಾಟ್ ಮಾಡಬೇಕೆನ್ನುತ್ತಾರೆ ಎಂದು ಬರೆದಿದ್ದೀರಿ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಈ ಲಕ್ಷಣಗಳನ್ನು ನೋಡಿದರೆ ಉಬುಂಟು ಅಳಿಸಿಹೋಗಿರುವ ಸಾಧ್ಯತೆ ಕಡಿಮೆ. ಲ್ಯಾಪ್‌ಟಾಪ್ ಆನ್ ಆದೊಡನೆ ಮೊದಲು ಓಡುವ ಮೂಲ ತಂತ್ರಾಂಶವಾದ ಯುಇಎಫ್‌ಐನಲ್ಲಿ ದಾಖಲಾಗಿರುವ ಬೂಟ್ ಕ್ರಮವಷ್ಟೇ (ಯಾವ ಸಿಸ್ಟಂ ಮೊದಲು ತೆರೆಯಬೇಕೆಂಬ ಪಟ್ಟಿ) ಬದಲಾಗಿರಬೇಕು.

ಮೊದಲು ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ನ ಮಾಹಿತಿಯನ್ನು ಗೂಢಲಿಪಿಯಲ್ಲಿ ಭದ್ರವಾಗಿಡುವ ಸೌಲಭ್ಯ) ಚಾಲ್ತಿಯಲ್ಲಿದೆಯೇ ನೋಡಿ. ಇದ್ದರೆ ಅದರ 48 ಅಂಕೆಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಏಕೆಂದರೆ ಬೂಟ್ ವ್ಯವಸ್ಥೆಯನ್ನು ಬದಲಿಸಿದಾಗ ವಿಂಡೋಸ್ ಅದನ್ನು ಕೇಳಬಹುದು. (ಈ ಹೆಜ್ಜೆಯನ್ನು ಬಿಟ್ಟವರೇ ಮುಂದೆ ನಿಜವಾಗಿ ಪೇಚಿಗೆ ಸಿಲುಕುವುದು.) ಬಳಿಕ ಲ್ಯಾಪ್‌ಟಾಪ್ ಆನ್ ಮಾಡುತ್ತಲೇ ಎಫ್2 ಅಥವಾ ನಿಮ್ಮ ಮಾದರಿಗೆ ಹೊಂದುವ ಕೀ ಒತ್ತಿ ಸೆಟಪ್‌ಗೆ ಹೋಗಿ, ಬೂಟ್ ಪಟ್ಟಿಯಲ್ಲಿ ‘ಉಬುಂಟು’ ಇದ್ದರೆ ಅದನ್ನು ‘ವಿಂಡೋಸ್ ಬೂಟ್ ಮ್ಯಾನೇಜರ್’ಗಿಂತ ಮೇಲಕ್ಕೆ ತಂದು ಸೇವ್ ಮಾಡಿ.

ಪಟ್ಟಿಯಲ್ಲಿ ಆ ಹೆಸರೇ ಇಲ್ಲದಿದ್ದರೆ, ಉಬುಂಟುವಿನ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಉಬುಂಟು ಓಡಿಸಬಲ್ಲ ಪೆನ್‌ಡ್ರೈವ್) ಯುಇಎಫ್‌ಐ ಮೋಡ್‌ನಲ್ಲಿಯೇ ಬೂಟ್ ಮಾಡಿ, ಇಂಟರ್ನೆಟ್ ಜೋಡಿಸಿಕೊಂಡು, ‘ಬೂಟ್ ರಿಪೇರ್’ ಎಂಬ ಉಪಕರಣದಿಂದ ಗ್ರಬ್ ಅನ್ನು ಮರುಸ್ಥಾಪಿಸಬಹುದು. ಪೆನ್‌ಡ್ರೈವನ್ನು ಹಳೆಯ ಲೆಗಸಿ ಮೋಡ್‌ನಲ್ಲಿ ಬೂಟ್ ಮಾಡಿದರೆ ದುರಸ್ತಿ ತಪ್ಪು ಜಾಗದಲ್ಲಿ ಆಗಬಹುದು.

ಒಂದು ವೇಳೆ ಉಬುಂಟು ಆರಿಸಿದಾಗ ‘ಶಿಮ್ ಎಸ್‌ಬಿಎಟಿ’ ಎಂಬ ದೋಷಸಂದೇಶ ಬಂದರೆ ಕಾರಣ ಬೇರೆ. 2024ರ ಆಗಸ್ಟ್ ತಿಂಗಳ ವಿಂಡೋಸ್ ಅಪ್‌ಡೇಟ್‌ನಿಂದ ಹಲವರಿಗೆ ಹೀಗಾಗಿತ್ತು. ಆಗ ನಂಬಿಕಸ್ಥ ಸಹಿಯಿರುವ ತಂತ್ರಾಂಶವನ್ನು ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಅನ್ನು ಸೆಟಪ್‌ನಲ್ಲಿ ತಾತ್ಕಾಲಿಕವಾಗಿ ಆಫ್ ಮಾಡಿ, ಉಬುಂಟುವನ್ನು ಪೂರ್ಣವಾಗಿ ಅಪ್‌ಡೇಟ್ ಮಾಡಿ, ನಂತರ ಮತ್ತೆ ಆನ್ ಮಾಡಿ ನೋಡಿ.

ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಬೇಗ ಆನ್ ಆಗಲೆಂದು ವಿಂಡೋಸ್ ಪೂರ್ತಿ ಮುಚ್ಚದೆ ಉಳಿಯುವ ವ್ಯವಸ್ಥೆ) ಅನ್ನೂ ಆಫ್ ಮಾಡಿಡಿ. ಇಲ್ಲವಾದರೆ ವಿಂಡೋಸ್ ಡ್ರೈವ್‌ಗೆ ಉಬುಂಟುವಿನಿಂದ ಬರೆಯಲು ಆಗದಿರಬಹುದು.