ಇಮ್ಮಾನುವೇಲ್ ಯಾರ ಕಾಲದ ಮಗು?

ಪ್ರಶ್ನೆ: ‘ಕನ್ಯೆ ಗರ್ಭಿಣಿಯಾಗಿ ಮಗನನ್ನು ಹೆರುವಳು’ ಎಂಬ ಯೆಶಾಯ 7:14ರ ಮಾತು ಯೇಸುವಿನ ಹುಟ್ಟಿನ ಪ್ರವಾದನೆ ಎಂದು ಪ್ರತಿ ಕ್ರಿಸ್ಮಸ್ಸಿಗೂ ಕೇಳುತ್ತೇವೆ. ಮೂಲ ಹೀಬ್ರೂವಿನಲ್ಲಿ ‘ಕನ್ಯೆ’ ಎಂಬ ಪದವೇ ಇಲ್ಲವಂತೆ. ಹೌದೇ? (ಮಂಗಳೂರಿನ ಓದುಗರೊಬ್ಬರು)

ಉತ್ತರ: ಪದದ ಜಗಳ ಆಮೇಲೆ. ಮೊದಲು ಆ ಅಧ್ಯಾಯವನ್ನು ಒಂದನೇ ವಚನದಿಂದ ಓದಿ. ಕ್ರಿ.ಪೂ. 734ರ ಸುಮಾರು. ಅರಾಮಿನ ಅರಸ ರೆಚೀನ, ಇಸ್ರಾಯೇಲಿನ ಅರಸ ಪೆಕಹ ಇಬ್ಬರೂ ಕೂಡಿ ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದಿದ್ದಾರೆ. ಯೆಹೂದದ ಅರಸ ಆಹಾಜನ ಎದೆ ಗಾಳಿಗೆ ಸಿಕ್ಕ ಕಾಡಿನ ಮರದ ಹಾಗೆ ಅಲ್ಲಾಡುತ್ತಿದೆ. ಅವನಿಗೆ ಪ್ರವಾದಿ ಯೆಶಾಯ ಕೊಟ್ಟ ಗುರುತೇ ಈ ಮಗು, ಹೆಸರು ಇಮ್ಮಾನುವೇಲ್. ಎಲ್ಲರೂ 14ಕ್ಕೆ ಪುಸ್ತಕ ಮುಚ್ಚುತ್ತಾರೆ, ಗಡುವು ಇರುವುದು 16ರಲ್ಲಿ: ಮಗುವಿಗೆ ಕೆಟ್ಟದ್ದು ಒಳ್ಳೆಯದು ತಿಳಿಯುವಷ್ಟರಲ್ಲಿ, ನೀನು ಹೆದರುತ್ತಿರುವ ಆ ಇಬ್ಬರು ಅರಸರ ನಾಡು ಪಾಳು ಬೀಳುವುದು. 732ರಲ್ಲಿ ಅಶ್ಶೂರದ ತಿಗ್ಲತ್ಪಿಲೆಸರ್ ಅರಾಮಿನ ರಾಜಧಾನಿ ದಮಸ್ಕವನ್ನು ಹಿಡಿದ. ಏಳುನೂರು ವರ್ಷ ಕಳೆದು ಹುಟ್ಟುವ ಮಗುವಿನಿಂದ ಆಹಾಜನಿಗೆ ಏನು ಧೈರ್ಯ ಬಂದೀತು?

ಇನ್ನು ಪದ. ಹೀಬ್ರೂವಿನಲ್ಲಿರುವುದು ‘ಅಲ್ಮಾ’, ಅಂದರೆ ಪ್ರಾಯಕ್ಕೆ ಬಂದ ಹುಡುಗಿ. ಗಂಡಿನ ಸಂಗ ಅರಿಯದವಳು ಎಂದು ಹೇಳಲು ಹೆಚ್ಚು ಹತ್ತಿರದ ಪದ ‘ಬೆತೂಲಾ’. ಆದರೆ ಆದಿಕಾಂಡ 24ರಲ್ಲಿ ಒಬ್ಬಳೇ ರೆಬೆಕ್ಕಳಿಗೆ ಎರಡೂ ಬಂದಿವೆ: 16ರಲ್ಲಿ ಬೆತೂಲಾ, 43ರಲ್ಲಿ ಅಲ್ಮಾ. ಹಾಗಾಗಿ ಅಲ್ಮಾ ಎಂದರೆ ಕನ್ಯೆಯಲ್ಲ ಎನ್ನುವುದೂ ತಪ್ಪೇ. ಆ ಪದ ಆ ವಿಷಯವನ್ನು ಎತ್ತುವುದಿಲ್ಲ, ಅಷ್ಟೆ. ಹಳೆಯ ಗ್ರೀಕ್ ಅನುವಾದದಲ್ಲಿ ಇದು ‘ಪಾರ್ಥೆನೊಸ್’ (ಕನ್ಯೆ) ಆಯಿತು, ಸುವಾರ್ತೆ ಬರೆದ ಮತ್ತಾಯ ಯೇಸುವಿನ ಹುಟ್ಟಿನ ಕಥೆಯಲ್ಲಿ ಬಳಸಿದ್ದು ಅದನ್ನೇ. ಇದನ್ನು ಕ್ರೈಸ್ತರ ಕೈಚಳಕ ಎನ್ನುವವರಿದ್ದಾರೆ. ಅನುವಾದ ಮಾಡಿದವರು ಯೆಹೂದ್ಯರು, ಅದೂ ಕ್ರಿಸ್ತನಿಗೆ ನೂರು ವರ್ಷಕ್ಕೂ ಹಿಂದೆ. ಆ ಪಾರ್ಥೆನೊಸ್ ಕೂಡ ಬಿಗಿಯಾದ ಪದವಲ್ಲ: ಆದಿಕಾಂಡ 34:3ರಲ್ಲಿ ಬಲಾತ್ಕಾರಕ್ಕೆ ಒಳಗಾದ ಮೇಲೂ ದೀನಳಿಗೆ ಗ್ರೀಕಿನಲ್ಲಿ ಅದೇ ಪದ. ನಮ್ಮ ‘ಕನ್ಯೆ’ಯ ಕಥೆಯೂ ಹೀಗೆಯೇ. ‘ಕನ್ಯಾ ನೋಡಾಕ ಹೋಗ್ಯಾರ’ ಎಂದರೆ ಹುಬ್ಬಳ್ಳಿ ಕಡೆ ಯಾರೂ ಅಷ್ಟು ದೂರ ಯೋಚಿಸುವುದಿಲ್ಲ. ಹೀಬ್ರೂ ಪಾಠವನ್ನು ಆಮೇಲೆ ತಿದ್ದಿದರು ಎಂಬ ವಾದವೂ ನಿಲ್ಲದು. 1947ರಲ್ಲಿ ಮೃತ ಸಮುದ್ರದ ಬಳಿ ಸಿಕ್ಕ, ಕ್ರಿಸ್ತಪೂರ್ವದ ಯೆಶಾಯ ಸುರುಳಿಯಲ್ಲೂ ಇರುವುದು ಅಲ್ಮಾ.

ಪ್ರಶ್ನೆ: ಹಾಗಾದರೆ ಮತ್ತಾಯ ಬರೆದದ್ದು ಸುಳ್ಳೇ?

ಉತ್ತರ: ಪ್ರವಾದನೆಯನ್ನು ಪಂಚಾಂಗದ ಭವಿಷ್ಯದಂತೆ ಎಣಿಸಿದರೆ ಹಾಗೆ ಕಂಡೀತು. ಅವನ 2:15 ನೋಡಿ: ‘ಐಗುಪ್ತದಿಂದ ನನ್ನ ಮಗನನ್ನು ಕರೆದೆನು’. ಇದು ಹೋಶೇಯ 11:1. ಅಲ್ಲಿ ಕ್ರಿಯಾಪದ ಭೂತಕಾಲದ್ದು, ‘ಮಗ’ ಎಂದರೆ ಇಸ್ರಾಯೇಲ್ ಜನಾಂಗ, ಮುಂದಿನ ವಚನದಲ್ಲೇ ಅವರು ಬಾಳನ ವಿಗ್ರಹಗಳಿಗೆ ಬಲಿ ಕೊಡುತ್ತಾರೆ. ಅದು ಮುಂದಾಗುವುದರ ಮಾತೇ ಅಲ್ಲ. ಇಸ್ರಾಯೇಲಿನ ಕಥೆ ಯೇಸುವಿನಲ್ಲಿ ಮತ್ತೆ ನಡೆಯಿತು, ತುಂಬಿ ಬಂತು ಎಂಬುದು ಮತ್ತಾಯನ ‘ನೆರವೇರಿತು’. ಆ ಕಾಲಕ್ಕೆ ಇದು ಹೊಸದೂ ಅಲ್ಲ: ಮೃತ ಸಮುದ್ರದ ಸುರುಳಿಗಳ ಕುಮ್ರಾನಿನ ಯೆಹೂದ್ಯರು ಪ್ರವಾದಿ ಹಬಕ್ಕೂಕನ ಪುಸ್ತಕದ ಕಸ್ದೀಯರನ್ನು (ಬಾಬೆಲಿನವರನ್ನು) ತಮ್ಮ ಕಾಲದ ‘ಕಿತ್ತೀಯರು’, ಅಂದರೆ ರೋಮನ್ನರು, ಎಂದು ಓದಿಕೊಂಡಿದ್ದರು. ಕ್ರೈಸ್ತ ಸಭೆ ಯೆಶಾಯನಲ್ಲಿ ಕ್ರಿಸ್ತನನ್ನು ಕಾಣಲಿ, ಆದರೆ ಆಹಾಜನನ್ನು ಅಳಿಸಿ ಹಾಕಿ ಕಾಣಬಾರದು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಯೆಶಾಯ 53ರ ನೊಂದ ಸೇವಕ ಯೇಸುವಲ್ಲದೆ ಮತ್ತಾರು?

ಉತ್ತರ: ಓದನ್ನು 52:13ರಿಂದ ಹಿಡಿಯಿರಿ, ಅಧ್ಯಾಯದ ವಿಭಾಗ 13ನೇ ಶತಮಾನದ್ದು, ಹಾಡನ್ನು ನಡುವೆ ಕತ್ತರಿಸಿದೆ. ಆಮೇಲೆ ಹಿಂದಕ್ಕೆ ಹೋಗಿ: 41:8, 44:1, 49:3ರಲ್ಲಿ ಸೇವಕ ಇಸ್ರಾಯೇಲೇ. ಮಧ್ಯಯುಗದ ಯೆಹೂದಿ ವ್ಯಾಖ್ಯಾನಕಾರ ರಾಶಿ ಹಿಡಿದದ್ದು ಈ ದಾರಿ. ತೊಡಕಿರುವುದು 49:6ರಲ್ಲಿ. ಅಲ್ಲಿ ಸೇವಕನೇ ಯಾಕೋಬನ ಕುಲಗಳನ್ನು, ಅಂದರೆ ಇಸ್ರಾಯೇಲನ್ನು, ಎತ್ತಿ ನಿಲ್ಲಿಸಬೇಕು. ತನ್ನನ್ನು ತಾನೇ ಎತ್ತುವುದು ಹೇಗೆ? ಯೆಹೂದ್ಯರ ಹಳೆಯ ಅರಮಾಯಿಕ್ ಅನುವಾದವಾದ ತರ್ಗುಮ್ 52:13ರಲ್ಲಿ ‘ನನ್ನ ಸೇವಕನಾದ ಮೆಸ್ಸೀಯ’ ಎಂದೇ ಹೇಳಿ, ನೋವನ್ನು ಮಾತ್ರ ಬೇರೆಯವರ ಮೇಲೆ ಹಾಕುತ್ತದೆ. ಅಪೊಸ್ತಲರ ಕೃತ್ಯಗಳು 8:34ರಲ್ಲಿ ರಥದಲ್ಲಿ ಕೂತ ಐಥಿಯೋಪ್ಯದ ಕಂಚುಕಿಯೂ ಇದನ್ನೇ ಕೇಳಿದ: ಪ್ರವಾದಿ ಹೇಳಿದ್ದು ತನ್ನನ್ನು ಕುರಿತೋ, ಮತ್ತೊಬ್ಬನನ್ನೋ?

ಪ್ರಶ್ನೆ: ಯೇಸುವಿನ ಶಿಲುಬೆಗೆ ಹೊಂದಿಸಿ ಓದುವ, ಕೈಕಾಲುಗಳನ್ನು ತಿವಿದರು ಎಂಬ ಕೀರ್ತನೆ 22:16ನ್ನು ಯೆಹೂದ್ಯರ ಬೈಬಲಿನಲ್ಲಿ ಹುಡುಕಿದರೆ ಬೇರೆ ವಚನ ಸಿಗುತ್ತದೆ.

ಉತ್ತರ: ಅಲ್ಲಿ ಕೀರ್ತನೆಯ ತಲೆಬರಹವೂ ಒಂದು ವಚನ, 17 ನೋಡಿ. ಯೆಶಾಯ 9:6, ಮೀಕ 5:2ಕ್ಕೆ ಉಲ್ಟಾ ಲೆಕ್ಕ, ಒಂದು ಕಳೆಯಬೇಕು. ನೀವು ಹುಡುಕಿದ ವಚನದಲ್ಲಿ ಹೀಬ್ರೂ ‘ಸಿಂಹದಂತೆ ನನ್ನ ಕೈಕಾಲು’ ಎಂದು ಅರ್ಧಕ್ಕೆ ನಿಂತಂತಿದೆ, ಗ್ರೀಕಿನಲ್ಲಿ ‘ತೋಡಿದರು’. ಜಗಳವೆಲ್ಲ ಕೊನೆಯ ಅಕ್ಷರ ಗಿಡ್ಡ ಗೆರೆಯ ಯೋದ್ ಆಗಿತ್ತೋ, ತುಸು ಉದ್ದದ ವಾವ್ ಆಗಿತ್ತೋ ಎಂಬುದು. ಬಟ್ಟೆ ಹಂಚಿಕೊಂಡ ಸಾಲು, ‘ಯಾಕೆ ನನ್ನ ಕೈಬಿಟ್ಟೆ’ ಎಂಬ ಸಾಲು ಸುವಾರ್ತೆಗಳಲ್ಲಿವೆ. ಕೈಕಾಲಿನ ಈ ಸಾಲನ್ನು ಮಾತ್ರ ಹೊಸ ಒಡಂಬಡಿಕೆ ಒಮ್ಮೆಯೂ ಉದ್ಧರಿಸಿಲ್ಲ.