ಮೈದಾನದ ಮಾತು: ಗೋಲಲ್ಲಿ ಯಾರು ನಿಲ್ಲೋದು?

ಪ್ರಶ್ನೆ: ನಮಸ್ಕಾರ ಸಾರ್. ಆಲೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ನಾನು ಪಿಟಿ ಟೀಚರ್. ಒಂಬತ್ತು, ಹತ್ತು ವರ್ಷದ ಮಕ್ಕಳಿಗೆ ಹಾಕಿ ಕಲಿಸುತ್ತಿದ್ದೇನೆ. ಎಲ್ಲರಿಗೂ ಫಾರ್ವರ್ಡ್ ಆಡಬೇಕು, ಗೋಲ್ ಹೊಡೆಯಬೇಕು. ಕೀಪರ್ ಆಗಿ ಅಂದರೆ ಒಬ್ಬರೂ ಮುಂದೆ ಬರುವುದಿಲ್ಲ. ಹೋದ ವಾರ ಒಬ್ಬನನ್ನು ಬಲವಂತ ಮಾಡಿ ನಿಲ್ಲಿಸಿದೆ. ನಾಲ್ಕು ಗೋಲ್ ಬಿತ್ತು, ಅಳುತ್ತಾ ಮನೆಗೆ ಹೋದ. ಏನು ಮಾಡಲಿ?
– ಒಬ್ಬ ಶಿಕ್ಷಕಿ, ಆಲೂರು

ಉತ್ತರ: ಮೇಡಂ, ಆ ಹುಡುಗ ನಾನೇ ಅನ್ನಿಸಿತು. ನಾನು ಕೀಪರ್ ಆಗಿದ್ದು ಆಟ ನೋಡಿ ಯಾರೋ ಆರಿಸಿದ್ದಕ್ಕಲ್ಲ. ಅವತ್ತು ಹಾಸನದ ಬಸ್ಸು ಲೇಟು. ಮೈದಾನ ಮುಟ್ಟುವಷ್ಟರಲ್ಲಿ ಎಲ್ಲ ಜಾಗ ಭರ್ತಿ. ಜೊತೆಗೆ ನಾನು ಸ್ವಲ್ಪ ದಪ್ಪ. “ಲೇ, ನೀನು ಗೋಲಿಗೆ ಹೋಗೋ” ಅಂದರು, ಹೋದೆ. ಕಾಲಿಗೆ ಹಳೇ ಕ್ರಿಕೆಟ್ ಪ್ಯಾಡು. ಎಡಗಾಲಿನ ಪಟ್ಟಿ ಕಿತ್ತುಹೋಗಿತ್ತು, ಸಣಬಿನ ದಾರದಲ್ಲಿ ಬಿಗಿದಿದ್ದೆ. ಕ್ರಿಕೆಟ್ ಪ್ಯಾಡು ಪಾದ ಮುಚ್ಚುವುದಿಲ್ಲ, ಅಲ್ವಾ? ಎರಡನೇ ಚೆಂಡೇ ಹೆಬ್ಬೆರಳಿಗೆ ಬಿತ್ತು. ಉಗುರು ಕಪ್ಪಾಗಿ, ಉದುರಿ, ಹೊಸದು ಬರುವ ತನಕ ಗೋಲ್‌ಪೋಸ್ಟ್ ಕಡೆ ತಲೆ ಹಾಕಲಿಲ್ಲ.

ಲೇಟಾಗಿ ಬಂದವನು, ಓಡಲಾರದವನು, ದಪ್ಪ ಇರುವವನು, ಇವರನ್ನೇ ಹುಡುಕಿ ನಿಲ್ಲಿಸಿದರೆ ಅದು ಶಿಕ್ಷೆಯ ಜಾಗ ಅಂತ ಮಕ್ಕಳು ತಕ್ಷಣ ಹಿಡಿದುಬಿಡುತ್ತಾರೆ. ಈ ವಯಸ್ಸಿಗೆ ಖಾಯಂ ಕೀಪರ್ ಬೇಡವೇ ಬೇಡ. ಎಲ್ಲರೂ ಹತ್ತತ್ತು ನಿಮಿಷ ನಿಲ್ಲಲಿ. ಚೆನ್ನಾಗಿ ಗೋಲ್ ಹೊಡೆಯುವ ಹುಡುಗ ಇರುತ್ತಾನಲ್ಲ, ಅವನೇ ಮೊದಲು ನಿಲ್ಲಲಿ.

ಹಾಕಿ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ, ಹೆಚ್ಚುಕಮ್ಮಿ ಕ್ರಿಕೆಟ್ ಚೆಂಡಿನಷ್ಟೇ. ಮಕ್ಕಳು ಹೆದರುವುದು ಸುಮ್ನೆ ಅಲ್ಲ. ಅದನ್ನು ಸದ್ಯಕ್ಕೆ ಬ್ಯಾಗಿನಲ್ಲೇ ಬಿಡಿ, ಟೆನಿಸ್ ಬಾಲ್ ತನ್ನಿ. ದೊಡ್ಡವರ ಗೋಲು 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಅದರ ಮುಂದೆ ನಿಮ್ಮ ಹುಡುಗ ನಿಂತರೆ ಕೊಟ್ಟಿಗೆ ಬಾಗಿಲಲ್ಲಿ ಕೋಳಿಮರಿ ನಿಂತ ಹಾಗೆ. ನಾಲ್ಕು ಹೆಜ್ಜೆ ಅಗಲಕ್ಕೆ ಎರಡು ಇಟ್ಟಿಗೆ ಇಡಿ, ಸಾಕು.

ಆಮೇಲೆ ಹಸು ಕಟ್ಟುವ ಹಗ್ಗ ಒಂದು ತನ್ನಿ. ಎರಡು ತುದಿಯನ್ನೂ ದೊಡ್ಡ ಗೋಲಿನ ಎರಡು ಕಂಬಕ್ಕೆ ಕಟ್ಟಿ. ನಡುವೆ ಹಿಡಿದು ಚೆಂಡು ಇರುವ ಜಾಗದ ತನಕ ಎಳೆದು, ಅಲ್ಲೊಂದು ಗೂಟ ಹೊಡೆಯಿರಿ. ಹುಡುಗ ಮೊದಲು ಗೆರೆ ಮೇಲೆ ನಿಲ್ಲಲಿ. ಚೆಂಡು ಗೋಲಿಗೆ ಬರುವುದು ಎರಡು ಹಗ್ಗದ ನಡುವೆ. ಅಲ್ಲಿ ಅಷ್ಟಗಲ ಜಾಗ, ಕೈಕಾಲು ಎಷ್ಟು ಚಾಚಿದರೂ ಸಾಲದು. ಈಗ ನಾಲ್ಕು ಹೆಜ್ಜೆ ಮುಂದೆ ಬರಲು ಹೇಳಿ. ಹಗ್ಗಗಳು ಅವನ ಎರಡೂ ಪಕ್ಕಕ್ಕೆ ಹತ್ತಿರ ಬಂದಿರುತ್ತವೆ. ಬೋರ್ಡ್ ಮೇಲೆ ಕೋನದ ಪಾಠ ಬೇಕಿಲ್ಲ. ನಾನು ಹೀಗೆ ಮಾಡಿಸಿದಾಗ ಒಬ್ಬ ಹುಡುಗ ತಿರುಗಿ ನೋಡಿ, “ಸಾರ್, ಗೋಲು ಚಿಕ್ಕದಾಯ್ತು!” ಅಂದ. ಮಾರನೇ ದಿನ ಕೀಪಿಂಗ್ ಕೇಳಿಕೊಂಡು ಬಂದ.

ಇನ್ನೊಂದು ಆಸೆ ತೋರಿಸಿ. ಹಾಕಿಯಲ್ಲಿ ಬೇರೆಯವರು ಚೆಂಡನ್ನು ಕಾಲಲ್ಲಿ ಆಡಿದರೆ ಫೌಲ್. ಡಿ, ಅಂದರೆ ಗೋಲಿನ ಮುಂದೆ ಎಳೆದ ಅರ್ಧವೃತ್ತದಂಥ ಗೆರೆ, ಅದರ ಒಳಗೆ ಒದೆಯುವ ಪರ್ಮಿಷನ್ ಇರುವುದು ಕೀಪರ್ ಒಬ್ಬನಿಗೇ. ಆದರೆ ಕ್ರಿಕೆಟ್ ಆಡುವ ಮಕ್ಕಳು ಇಲ್ಲೂ ಚೆಂಡು ಹಿಡಿಯಲು ಹೋಗುತ್ತಾರೆ. ಹಿಡಿದು ಇಟ್ಟುಕೊಳ್ಳುವ ಹಾಗಿಲ್ಲ, ಪಕ್ಕಕ್ಕೆ ತಳ್ಳಬೇಕು. ಇದನ್ನು ಮೊದಲೇ ಹೇಳಿಬಿಡಿ.

ನಮ್ಮ ಬಾಯಿಯದ್ದೂ ತಪ್ಪಿದೆ. ಫಾರ್ವರ್ಡ್ ಹೊಡೆದದ್ದು ಹೊರಗೆ ಹೋದರೆ “ಅಯ್ಯೋ, ಜಸ್ಟ್ ಮಿಸ್” ಅನ್ನುತ್ತೇವೆ. ಗೋಲ್ ಆದರೆ ಮಾತ್ರ “ಕೀಪರ್ ಬಿಟ್ಟ”. ಆ ‘ಬಿಟ್ಟ’ ಅನ್ನುವ ಮಾತನ್ನೇ ಮೈದಾನದಿಂದ ಆಚೆ ಹಾಕಿ. ನಾನು ತಡೆದದ್ದನ್ನು ಎಣಿಸಿ ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಗೆರೆ ಎಳೆಯುತ್ತಿದ್ದೆ. ಹೆಡ್‌ಮೇಷ್ಟ್ರು ಬೈಯುತ್ತಿದ್ದರು, ಆ ಮಾತು ಬೇರೆ.

ಭಾರತ ತಂಡದ ಕೀಪರ್ ಆಗಿದ್ದ ಪಿ.ಆರ್. ಶ್ರೀಜೇಶ್ ಗೊತ್ತಲ್ಲ? ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜರ್ಮನಿಯನ್ನು 5-4ರಲ್ಲಿ ಸೋಲಿಸಿ ಕಂಚು ಗೆದ್ದ ಮೇಲೆ ಗೋಲ್‌ಪೋಸ್ಟ್ ಹತ್ತಿ ಕೂತಿದ್ದರಲ್ಲ, ಅವರೇ. ಕೇರಳದ ಸ್ಪೋರ್ಟ್ಸ್ ಸ್ಕೂಲಿನಲ್ಲಿ ಅವರೂ ಮೊದಲು ಓಟ, ಲಾಂಗ್ ಜಂಪ್, ವಾಲಿಬಾಲ್ ಅಂತ ಇದ್ದವರು. ಕೋಚ್ ಹೇಳಿದ ಮೇಲೆ ಕೀಪಿಂಗ್‌ಗೆ ಬಂದರು. ಆ ಫೋಟೋ ಮಕ್ಕಳಿಗೆ ತೋರಿಸಿ. ಅಳುತ್ತಾ ಮನೆಗೆ ಹೋದ ಹುಡುಗನನ್ನು ಮಾತ್ರ ಎರಡು ವಾರ ಫಾರ್ವರ್ಡ್ ಆಡಿಸಿ, ಗೋಲಿನ ಸುದ್ದಿಯೇ ಎತ್ತಬೇಡಿ.

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ. ಕೀಪರ್ ಆಗುತ್ತೇನೆ ಅಂತ ಹಠ. ಹೆಣ್ಣುಮಗು, ಮುಖಕ್ಕೆ ಪೆಟ್ಟು ಬಿದ್ದರೆ ಗತಿಯೇನು ಅಂತ ಅವಳ ಅಜ್ಜಿ ದಿನಾ ಬೈಯುತ್ತಾರೆ. ಕಿಟ್ ಬೇರೆ ದುಬಾರಿಯಂತೆ.
– ಒಬ್ಬ ತಾಯಿ, ಸಕಲೇಶಪುರ

ಉತ್ತರ: ತಾಯೀ, ಕೀಪರ್ ಬೇಕು ಅಂತ ಊರೆಲ್ಲ ಹುಡುಕುತ್ತಿರುವಾಗ ನಿಮ್ಮ ಮನೆಯಲ್ಲಿ ಹಠ ಮಾಡುವವಳು ಇದ್ದಾಳಲ್ಲ! ಅಜ್ಜಿಗೆ ಸವಿತಾ ಪೂನಿಯಾ ಹೆಸರು ಹೇಳಿ. ಟೋಕಿಯೋ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಒಂದೂ ಗೋಲ್ ಕೊಡದ ನಮ್ಮ ಮಹಿಳಾ ತಂಡದ ಕೀಪರ್. ಆಕೆಯನ್ನು ಹಾಕಿ ಆಡು ಅಂತ ಹುರಿದುಂಬಿಸಿದ್ದೇ ಅವರ ಅಜ್ಜ.

ಅಜ್ಜಿಯ ಭಯ ಸುಳ್ಳಲ್ಲ. ಹೆಲ್ಮೆಟ್, ಗಂಟಲಿನ ಗಾರ್ಡ್, ಎದೆ ಗಾರ್ಡ್, ಕಿಬ್ಬೊಟ್ಟೆ ಗಾರ್ಡ್, ಗ್ಲೌಸ್, ಪ್ಯಾಡ್, ಪಾದಕ್ಕೆ ಕಿಕ್ಕರ್. ಇದರಲ್ಲಿ ಒಂದು ಇಲ್ಲದಿದ್ದರೂ ಗಟ್ಟಿ ಚೆಂಡಿಗೆ ನಿಲ್ಲಿಸಬೇಡಿ. ಹೆಲ್ಮೆಟ್ ಹಾಕಿಸಿ, ತಲೆ ಜೋರಾಗಿ ಅಲ್ಲಾಡಿಸಲು ಹೇಳಿ. ತಲೆ ಜೊತೆಗೇ ತಿರುಗಬೇಕು, ಕಣ್ಣ ಮೇಲೆ ಜಾರಿದರೆ ಅದು ಅವಳದ್ದಲ್ಲ. ಕಿಟ್ ಈಗಲೇ ಕೊಳ್ಳಬೇಡಿ. ಎರಡು ವರ್ಷಕ್ಕೆ ಕಾಲು ಉದ್ದವಾಗುತ್ತದೆ, ಪ್ಯಾಡು ಗಿಡ್ಡವಾಗುತ್ತದೆ. ಶಾಲೆಯ ಕಿಟ್ಟನ್ನೇ ಕೇಳಿ.

ನಿಮ್ಮ ಕಡೆ ಮಳೆ ಜಾಸ್ತಿ. ಒದ್ದೆ ಪ್ಯಾಡನ್ನು ಅವತ್ತೇ ಬ್ಯಾಗಿನಿಂದ ತೆಗೆದು ಫ್ಯಾನಿನ ಕೆಳಗೆ ಹರವಿ. ಒಂದು ರಾತ್ರಿ ಬ್ಯಾಗಿನಲ್ಲೇ ಬಿಟ್ಟು ನೋಡಿ, ಅಜ್ಜಿ ಆಗ ಬೈಯುವುದು ಬೇರೆ ಕಾರಣಕ್ಕೆ.